ಸೋಲಾಪುರ ರೋಡಿನ ಗಾಳಿ

ಹಾಸ್ಟೆಲಿನ ನಮ್ಮ ರೂಮಿನಲ್ಲಿ ಮಂಚ ಎರಡು, ಇದ್ದವರು ಮೂವರು. ನಾನು, ನನ್ನ ರೂಮ್‌ಮೇಟ್, ಅವನ ಸೈಕಲ್. ಕಿಟಕಿ ಪಕ್ಕದ ಒಳ್ಳೆಯ ಜಾಗ ಸೈಕಲ್ಲಿಗೇ ಮೀಸಲು. ನನ್ನ ಟ್ರಂಕು ಬಾಗಿಲ ಹಿಂದೆ.

ಅದು 2008ರ ಜೂನ್. ಊರಿನ ಬೋರ್ಡುಗಳ ಮೇಲೆ ಆಗಿನ್ನೂ ವಿಜಯಪುರ ಬಂದಿರಲಿಲ್ಲ, ಬಿಜಾಪುರವೇ. ರೂಮ್‌ಮೇಟ್ ಜಮಖಂಡಿ ಕಡೆಯವನು. ಹೈಸ್ಕೂಲಿನಿಂದಲೇ ಕ್ರೀಡಾ ನಿಲಯದಲ್ಲಿದ್ದು ಸೈಕ್ಲಿಂಗ್ ಕಲಿತು ಬಂದವನು. ನಮ್ಮ ಜಿಲ್ಲೆ, ಪಕ್ಕದ ಬಾಗಲಕೋಟೆ ಜಿಲ್ಲೆ ಎರಡರ ಹಳ್ಳಿಗಳಿಂದಲೂ ನ್ಯಾಷನಲ್ ಲೆವೆಲ್ಲಿಗೆ ಹೋದ ಸೈಕ್ಲಿಸ್ಟ್‌ಗಳು ತುಂಬ ಜನ. ಇದು ಬೆಂಗಳೂರಿನವರಿಗೆ ಗೊತ್ತಿರುವುದಿಲ್ಲ. ನನಗೂ ಗೊತ್ತಿರಲಿಲ್ಲ, ನಾನು ಇಂಡಿ ತಾಲೂಕಿನವನೇ ಆದರೂ.

ಪ್ರತಿ ಭಾನುವಾರ ಅವನು ನೆಲಕ್ಕೆ ಹಳೆಯ ಪೇಪರ್ ಹಾಸಿ, ಚೈನು ಬಿಚ್ಚಿ, ಸೀಮೆಎಣ್ಣೆ ಬಟ್ಟಲಿನಲ್ಲಿ ಅದ್ದಿ, ಸವೆದ ಟೂತ್‌ಬ್ರಶ್‌ನಿಂದ ಒಂದೊಂದೇ ಕೊಂಡಿ ತಿಕ್ಕುತ್ತಿದ್ದ. ರೂಮಿಡೀ ಸೀಮೆಎಣ್ಣೆ ವಾಸನೆ. ಜುಲೈನಲ್ಲಿ ಒಂದು ಭಾನುವಾರ ಹಾಗೆ ಹಾಸಿದ ಕ್ರೀಡಾ ಪುಟದ ಮೂಲೆಯಲ್ಲಿ ನಾಲ್ಕು ಸಾಲಿನ ಸುದ್ದಿ ಇತ್ತು. ಫ್ರಾನ್ಸಿನಲ್ಲಿ ಮೂರು ವಾರ, ದಿನಕ್ಕೊಂದು ಹಂತದ ಹಾಗೆ ನಡೆಯುವ ಸೈಕಲ್ ರೇಸು ಟೂರ್ ಡಿ ಫ್ರಾನ್ಸ್‌ನ ಐದನೇ ಹಂತ, ಶಾತೊರು ಎಂಬ ಊರು, ಗೆದ್ದವನು ಬ್ರಿಟನ್ನಿನ ಮಾರ್ಕ್ ಕ್ಯಾವೆಂಡಿಷ್, ವಯಸ್ಸು 23. ಅವನು ಆ ಮೂಲೆಯನ್ನಷ್ಟೇ ಹರಿದು ತೆಗೆದುಕೊಂಡ. ಎಣ್ಣೆ ತಾಗಿ ಹಿಂದಿನ ಪುಟದ ಅಕ್ಷರವೂ ಕಾಣುತ್ತಿತ್ತು. ಆದರೂ ಗೋಡೆಗೆ ಅಂಟಿಸಿದ.

‘ಯಾರಲೇ ಇಂವಾ?’ ಅಂದೆ.

‘ನಮ್ಮಂಗ ಗಿಡ್ಡ ಅದಾನ,’ ಅಂದ. ಅಷ್ಟೇ ಪರಿಚಯ.

ಕ್ಯಾವೆಂಡಿಷ್ ಹುಟ್ಟಿದ್ದು 1985ರಲ್ಲಿ, ಐಲ್ ಆಫ್ ಮ್ಯಾನ್ ದ್ವೀಪದಲ್ಲಿ. ಶಾಲೆ ಮುಗಿಸಿದ ಮೇಲೆ ಬ್ಯಾಂಕೊಂದರಲ್ಲಿ ಕೆಲಸ ಮಾಡಿ ದುಡ್ಡು ಕೂಡಿಸಿಕೊಂಡು ಸೈಕಲ್ಲಿಗೆ ಇಳಿದವನು. ಪ್ರಯೋಗಾಲಯದಲ್ಲಿ ನಿಂತ ಸೈಕಲ್ ತುಳಿಸಿ ಶಕ್ತಿ ಅಳೆಯುತ್ತಾರಲ್ಲ, ಆ ಟೆಸ್ಟಿನಲ್ಲಿ ಅವನ ಅಂಕಿಗಳು ಸಾಧಾರಣ. ಅಂಕಿ ನೋಡಿದವರಿಗೆ ಅಷ್ಟೇನೂ ಭರವಸೆ ಹುಟ್ಟಿರಲಿಲ್ಲ. ಆದರೆ ರಸ್ತೆಯ ಮೇಲೆ ಕೊನೆಯ ಇನ್ನೂರು ಮೀಟರಿನಲ್ಲಿ ಅವನನ್ನು ಹಿಡಿಯುವವರಿರಲಿಲ್ಲ. ಆ ವರ್ಷ ಟೂರ್‌ನಲ್ಲಿ ನಾಲ್ಕು ಹಂತ ಗೆದ್ದ. ನಾನೂ ಈಗ ಬ್ಯಾಂಕಿನಲ್ಲೇ ಇದ್ದೇನೆ, ಪುಣೆಯಲ್ಲಿ. ಅವನು ಬ್ಯಾಂಕ್ ಬಿಟ್ಟು ಸೈಕಲ್ಲಿಗೆ ಹೋದ, ನಾನು ಸೈಕಲ್ ಬಿಟ್ಟು ಬ್ಯಾಂಕಿಗೆ ಬಂದೆ.

ಹೌದು, ನಾನೂ ಸೈಕಲ್ ಹೊಡೆದಿದ್ದೆ. ನಮ್ಮ ಪಿ.ಟಿ. ಸರ್ ಕ್ರೀಡಾ ವಿಭಾಗದ ಕೋಣೆಯಲ್ಲಿ ಧೂಳು ತಿನ್ನುತ್ತಿದ್ದ ಒಂದು ರೇಸ್ ಸೈಕಲ್ ಕೊಟ್ಟರು. ಹತ್ತು ಗೇರಿನದು, ಎಂಟು ಬೀಳುತ್ತಿದ್ದವು. ಬೆಳಗ್ಗೆ ಐದಕ್ಕೆ ಎದ್ದು ಸೋಲಾಪುರ ರೋಡಿಗೆ. ಮಳೆಗಾಲದಲ್ಲಿ ನಮ್ಮ ಕಡೆ ಮಳೆಗಿಂತ ಗಾಳಿಯೇ ಜಾಸ್ತಿ, ಅದೂ ಪಶ್ಚಿಮದಿಂದ. ರೋಡು ಉತ್ತರಕ್ಕೆ. ಹೋಗುವಾಗ ಗಾಳಿ ಎಡಗಿವಿಗೆ, ಬರುವಾಗ ಬಲಗಿವಿಗೆ.

ಮೊದಲ ದಿನ ನಾನು ಅವನ ಹಿಂದೆ ನೇರವಾಗಿ ಅಂಟಿಕೊಂಡು ತುಳಿದೆ. ಹತ್ತು ಕಿಲೋಮೀಟರಿಗೇ ತೊಡೆ ಕಲ್ಲಾದವು. ಅವನು ತಿರುಗಿ ನೋಡಿ ಕೂಗಿದ: ‘ಲೇ, ಗಾಳಿ ಎಡಕ್ಕ ಐತಿ. ನೀ ಬಲಕ್ಕ ಬಾ.’ ಅವನ ಹಿಂಬದಿ ಚಕ್ರದ ಬಲಕ್ಕೆ, ಸ್ವಲ್ಪ ಓರೆಯಾಗಿ ಸರಿದೆ. ಗಾಳಿಯ ಸದ್ದೇ ನಿಂತ ಹಾಗಾಯಿತು. ಅದೇ ವೇಗ, ಆದರೆ ಯಾರೋ ಬೆನ್ನಿಗೆ ಕೈ ಕೊಟ್ಟ ಹಾಗೆ. ಮುಂದಿನವನ ನೆರಳಿನಲ್ಲಿ ತುಳಿದರೆ ಮೂರರಲ್ಲೊಂದು ಪಾಲು ಶ್ರಮ ಉಳಿಯುತ್ತದೆ ಅಂತ ಆಮೇಲೆ ಓದಿದೆ. ಅವತ್ತು ಓದಬೇಕಾಗಿರಲಿಲ್ಲ.

ತೊಂದರೆ ಏನೆಂದರೆ, ಬಲಕ್ಕೆ ಸರಿದರೆ ಲಾರಿ. ವಾಪಸ್ ಬರುವಾಗ ಎಡಕ್ಕೆ ಸರಿಯಬೇಕು, ಅಲ್ಲಿ ಡಾಂಬರು ಮುಗಿದು ಎರೆಮಣ್ಣು. ಇಬ್ಬರಿದ್ದರೆ ಸರಿ. ಐದು ಜನ ಇದ್ದರೆ ಓರೆ ಸಾಲು ರಸ್ತೆಯ ಅಂಚಿಗೆ ಮುಟ್ಟಿಬಿಡುತ್ತದೆ. ಆರನೆಯವನಿಗೆ ನೆರಳೇ ಇಲ್ಲ, ಅವನು ಅಂಚಿನಲ್ಲಿ ಗಾಳಿ ತಿನ್ನುತ್ತ ಉದುರಿಹೋಗುತ್ತಾನೆ. ಆ ಆರನೆಯವನು ಸಾಮಾನ್ಯವಾಗಿ ನಾನು.

2009ರ ಜುಲೈನಲ್ಲಿ ಇದೇ ಆಟವನ್ನು ಫ್ರಾನ್ಸಿನಲ್ಲಿ ನೋಡಿದೆವು. ಸ್ಟೇಷನ್ ರೋಡಿನ ಸೈಬರ್ ಕೆಫೆಯಲ್ಲಿ ಗಂಟೆಗೆ 15 ರೂಪಾಯಿ. ಎರಡು ನಿಮಿಷದ ವಿಡಿಯೊ ಬರಲಿಕ್ಕೆ ಹತ್ತು ನಿಮಿಷ. ಮಾರ್ಸೆಯಿಂದ ಲಾ ಗ್ರಾಂಡ್ ಮೋಟ್‌ಗೆ ಹೋಗುವ ಮೂರನೇ ಹಂತ, ಸಮುದ್ರದ ಕಡೆ ಅಡ್ಡಗಾಳಿ. ಕ್ಯಾವೆಂಡಿಷ್‌ನ ತಂಡ ಕೊಲಂಬಿಯಾ ಒಂದು ತಿರುವಿನಲ್ಲಿ ಒಮ್ಮೆಲೇ ಜೋರು ತುಳಿದು ಗುಂಪನ್ನು ಎರಡು ಹೋಳು ಮಾಡಿತು. ಸ್ವಲ್ಪ ಮೈಮರೆತವರೆಲ್ಲ ಹಿಂದುಳಿದರು. ಹಂತ ಕ್ಯಾವೆಂಡಿಷ್‌ಗೆ. ನನ್ನ ರೂಮ್‌ಮೇಟ್ ಸ್ಕ್ರೀನಿಗೆ ಬೆರಳಿಟ್ಟು ತೋರಿಸುತ್ತಿದ್ದದ್ದು ಗೆದ್ದವನನ್ನಲ್ಲ, ರಸ್ತೆ ಅಂಚಿನಲ್ಲಿ ಉದುರುತ್ತಿದ್ದವರನ್ನು. ‘ನೋಡಲೇ, ನೀನು,’ ಅಂದ.

ಸ್ಪ್ರಿಂಟರ್‌ನ ಕೆಲಸ ಏನು ಅಂತ ಅರ್ಥವಾದದ್ದೂ ಆ ಕೆಫೆಯಲ್ಲೇ. ಇನ್ನೂರು ಕಿಲೋಮೀಟರಿನ ರೇಸಿನಲ್ಲಿ ಅವನು ಗಾಳಿಗೆ ಮುಖ ಕೊಡುವುದು ಕೊನೆಯ ಹತ್ತು ಹನ್ನೆರಡು ಸೆಕೆಂಡು. ಅಲ್ಲಿಯವರೆಗೆ ತಂಡದವರು ಸಾಲಾಗಿ ಮುಂದೆ. ಒಬ್ಬ ಸುಸ್ತಾಗಿ ಪಕ್ಕಕ್ಕೆ ಸರಿದರೆ ಮುಂದಿನವನು ಎಳೆಯುತ್ತಾನೆ. ಆಗ ಕೊನೆಗೆ ಉಳಿಯುವವನು ಹೆಚ್ಚಾಗಿ ಮಾರ್ಕ್ ರೆನ್‌ಶಾ ಎಂಬ ಆಸ್ಟ್ರೇಲಿಯಾದವನು. ಅವನೂ ಸರಿದ ಮೇಲೆ ಕ್ಯಾವೆಂಡಿಷ್ ಹ್ಯಾಂಡಲ್ಲಿಗೆ ಮೂಗು ತಾಗುವಷ್ಟು ಬಗ್ಗಿ ನುಗ್ಗುತ್ತಾನೆ. ಪ್ಯಾರಿಸ್ಸಿನ ಶಾಂಜ್ ಎಲಿಸೆಯ ಕೊನೆಯ ಹಂತವನ್ನು 2009ರಿಂದ 2012ರವರೆಗೆ ಸತತ ನಾಲ್ಕು ಸಲ ಗೆದ್ದದ್ದು ಹೀಗೆ. 2011ರಲ್ಲಿ ಟೂರ್‌ನಲ್ಲಿ ಅಂಕಗಳಲ್ಲಿ ಮುಂದಿದ್ದವನಿಗೆ ಕೊಡುವ ಹಸಿರು ಜೆರ್ಸಿ, ಅದೇ ವರ್ಷ ಕೋಪನ್‌ಹೇಗನ್‌ನಲ್ಲಿ ವಿಶ್ವ ಚಾಂಪಿಯನ್. ಫೋಟೊದಲ್ಲಿ ಕೈ ಎತ್ತಿದವನು ಮಾತ್ರ ಕಾಣುತ್ತಾನೆ. ಎಳೆದವರು ಹಿಂದೆಲ್ಲೋ ಮಸುಕಾಗಿರುತ್ತಾರೆ. ಬಹುಮಾನದ ದುಡ್ಡನ್ನು ತಂಡದವರೆಲ್ಲ ಹಂಚಿಕೊಳ್ಳುವ ಪದ್ಧತಿ ಇದೆ, ಅದೊಂದು ಒಳ್ಳೆಯದು.

ನನ್ನ ಕಥೆಗೆ ಬರುತ್ತೇನೆ, ಬೇಗ ಮುಗಿಯುತ್ತದೆ. ಅದೇ 2009ರ ಅಂತರ ಕಾಲೇಜು ಸ್ಪರ್ಧೆ, 40 ಕಿಲೋಮೀಟರ್. ಹನ್ನೆರಡನೇ ಕಿಲೋಮೀಟರಿಗೆ ಗುಂಪು ನನ್ನನ್ನು ಬಿಟ್ಟುಹೋಯಿತು. ಇಪ್ಪತ್ತಕ್ಕೆ ಚೈನು ಬಿತ್ತು. ಕೈ ಕರಿ ಮಾಡಿಕೊಂಡು ಹಾಕಿದೆ, ಮತ್ತೆ ಬಿತ್ತು. ನಾನು ಮುಟ್ಟುವ ಹೊತ್ತಿಗೆ ಶಾಮಿಯಾನ ಬಿಚ್ಚಿ ಆಗಿತ್ತು. ಟೇಬಲ್ಲು, ಮೈಕು, ನಡೆಸಿದವರು ಯಾರೂ ಇಲ್ಲ. ಸುಣ್ಣದ ಗೆರೆಯ ಮೇಲೆ ಟ್ರ್ಯಾಕ್ಟರ್ ಹಾದು ಅರ್ಧ ಅಳಿಸಿತ್ತು. ಫಲಿತಾಂಶದ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ‘ಗೈರುಹಾಜರು’ ಅಂತ ಬರೆದಿದ್ದರು. ಬೆಳಗ್ಗೆ ಬಂದು ನಂಬರ್ ಹಚ್ಚಿಕೊಂಡವನು ಗೈರುಹಾಜರು!

ಆದರೆ ಬೇವಿನ ಮರದ ಕೆಳಗೆ ಪಿ.ಟಿ. ಸರ್ ನಿಂತಿದ್ದರು. ಕೈಯಲ್ಲಿ ಸ್ಟಾಪ್‌ವಾಚ್ ಓಡುತ್ತಲೇ ಇತ್ತು. ನಾನು ಗೆರೆ ದಾಟಿದ ಮೇಲೆಯೇ ಅದನ್ನು ಒತ್ತಿದರು. ‘ಒಂದು ತಾಸು ಐವತ್ತೆರಡು ನಿಮಿಷ,’ ಅಂದರು. ಜೇಬಿನ ಡೈರಿ ತೆಗೆದು ಬರೆದುಕೊಂಡರು. ‘ನಡಿ, ಊಟ ಮಾಡೂಣು.’ ಶಾಬಾಸ್ ಅನ್ನಲಿಲ್ಲ, ಬೈಯಲೂ ಇಲ್ಲ. ರೊಟ್ಟಿ, ಶೇಂಗಾ ಹಿಂಡಿ, ಎರಡು ಬಾಳೆಹಣ್ಣು ಬುತ್ತಿ ಕಟ್ಟಿಸಿಕೊಂಡು ಬಂದಿದ್ದರು.

ನಾನು ಅಲ್ಲಿಗೇ ಸೈಕಲ್ ಬಿಟ್ಟೆ. ಕ್ಯಾವೆಂಡಿಷ್‌ನನ್ನು ಮಾತ್ರ ಬಿಡಲಿಲ್ಲ. ಆಮೇಲಿನ ವರ್ಷಗಳಲ್ಲಿ ಅವನ ಗೆಲುವಿಗಿಂತ ಅವನು ತಡವಾಗಿ ಬಂದ ದಿನಗಳೇ ನನ್ನನ್ನು ಹಿಡಿದವು.

ಟೂರ್‌ನಲ್ಲಿ 21 ಹಂತ, ಸುಮಾರು 3,400 ಕಿಲೋಮೀಟರ್. ಎಲ್ಲವೂ ಬಯಲಲ್ಲ. ಆಲ್ಪ್ಸ್, ಪಿರೆನೀಸ್ ಬೆಟ್ಟಗಳಲ್ಲಿ ದಪ್ಪ ತೊಡೆಯ ಸ್ಪ್ರಿಂಟರ್‌ಗಳಿಗೆ ನರಕ. ಅಲ್ಲೊಂದು ನಿಯಮ ಇದೆ. ಗೆದ್ದವನ ಸಮಯಕ್ಕೆ ಇಂತಿಷ್ಟು ಶೇಕಡಾ ಸೇರಿಸಿ ಒಂದು ಗಡುವು ಹಾಕುತ್ತಾರೆ. ಅದರೊಳಗೆ ಮುಟ್ಟದವನು ಮರುದಿನ ಹೊರಡುವಂತಿಲ್ಲ. ಹಾಗಾಗಿ ಹಿಂದುಳಿದವರೆಲ್ಲ ಒಂದು ಗುಂಪು ಕಟ್ಟಿಕೊಂಡು, ಲೆಕ್ಕ ಹಾಕುತ್ತ ಹತ್ತುತ್ತಾರೆ. ಟಿವಿಯಲ್ಲಿ ಅವರನ್ನು ತೋರಿಸುವುದೇ ಕಡಿಮೆ.

2017ರ ಟೂರ್‌ನಲ್ಲಿ ಕ್ಯಾವೆಂಡಿಷ್ ವಿಟೆಲ್‌ನಲ್ಲಿ ಬಿದ್ದು ಭುಜದ ಮೂಳೆ ಮುರಿದುಕೊಂಡ. ಅದೇ ವರ್ಷ ಎಪ್‌ಸ್ಟೈನ್-ಬಾರ್ ಎಂಬ, ಮೈಯೆಲ್ಲ ಸುಸ್ತು ಮಾಡುವ ವೈರಸ್ ತಗುಲಿತ್ತು. 2018ರಲ್ಲಿ ಲಾ ರೋಸಿಯೇರ್ ಬೆಟ್ಟದ ಹಂತ. ಗೆದ್ದವನು ಅವನ ಹಳೆಯ ಗೆಳೆಯ ಗೆರಾಂಟ್ ಥಾಮಸ್. ಕ್ಯಾವೆಂಡಿಷ್ ಬಂದದ್ದು ಅದಾದ ಒಂದು ಗಂಟೆಗೂ ಹೆಚ್ಚು ಹೊತ್ತಿನ ಮೇಲೆ. ಗಡುವು ಯಾವಾಗಲೋ ಮುಗಿದಿತ್ತು. ತಂಡದ ಕಾರು ಹತ್ತಬಹುದಿತ್ತು, ಹತ್ತಲಿಲ್ಲ. ಒಬ್ಬನೇ ತುಳಿದು ಗೆರೆ ಮುಟ್ಟಿದ. ಆ ಆಗಸ್ಟ್‌ನಲ್ಲಿ ಖಿನ್ನತೆ ಇದೆ ಎಂದು ವೈದ್ಯರು ಹೇಳಿದರು. 2020ರಲ್ಲಿ ಗೆಂಟ್-ವೆವೆಲ್ಗೆಮ್ ರೇಸು ಮುಗಿಸಿ ಕ್ಯಾಮೆರಾ ಮುಂದೆ ಅತ್ತ. ಬಹುಶಃ ಇದೇ ನನ್ನ ಕೊನೆಯ ರೇಸು ಎಂದ. ನಾನು ರೂಮ್‌ಮೇಟ್‌ಗೆ ಲಿಂಕ್ ಕಳಿಸಿದೆ. ಅವನು ಆಗಲೇ ಸ್ಪೋರ್ಟ್ಸ್ ಕೋಟಾದಲ್ಲಿ ರೈಲ್ವೆ ಸೇರಿ, ಮದುವೆಯಾಗಿ, ಹೊಟ್ಟೆ ಬಿಟ್ಟಿದ್ದ. ‘ಮುಗೀಲಿ ಬಿಡು, ಸಾಕಾಗಿರ್ತದ ಅವಂಗ,’ ಅಂತ ಉತ್ತರ ಬಂತು.

ಮುಗಿಯಲಿಲ್ಲ. 2021ರಲ್ಲಿ ಹಳೆಯ ಬೆಲ್ಜಿಯಂ ತಂಡ ಅವನನ್ನು ಮತ್ತೆ ಸೇರಿಸಿಕೊಂಡಿತು. ಟೂರ್‌ಗೆ ಹೋಗಬೇಕಿದ್ದ ಸ್ಯಾಮ್ ಬೆನೆಟ್ ಕೊನೆ ಗಳಿಗೆಯಲ್ಲಿ ತಪ್ಪಿದ್ದರಿಂದ ಇವನಿಗೆ ಜಾಗ. ಫುಜೇರ್‌ನಲ್ಲಿ ಗೆದ್ದು ಅಲ್ಲೇ ಕೂತು ಅತ್ತ. ಎರಡು ದಿನ ಬಿಟ್ಟು ಶಾತೊರುನಲ್ಲಿ, ಅಂದರೆ ನಮ್ಮ ಗೋಡೆಯ ಚೂರಿನಲ್ಲಿದ್ದ ಅದೇ ಊರಿನಲ್ಲಿ, ಮತ್ತೆ ಗೆದ್ದ. ಆಮೇಲೆ ತಿನ್ಯ ಬೆಟ್ಟ. ಮಳೆ, ಚಳಿ. ತಂಡದವರು ಸುತ್ತ ನಿಂತು ಎಳೆದುಕೊಂಡು ಬಂದರು. ಗಡುವಿಗೆ ಒಂದೂವರೆ ನಿಮಿಷ ಇರುವಾಗ ಗೆರೆ ದಾಟಿದ. ನಡುವೆ ಒಂದು ದಿನ ವಿಶ್ರಾಂತಿ, ಮರುದಿನ ವಾಲೆನ್ಸ್‌ನಲ್ಲಿ ಗೆಲುವು. ಕಾರ್ಕಸೋನ್‌ನಲ್ಲಿ ಇನ್ನೊಂದು. ಅಲ್ಲಿಗೆ ಟೂರ್‌ನಲ್ಲಿ ಗೆದ್ದ ಹಂತಗಳು ಒಟ್ಟು 34, ಬೆಲ್ಜಿಯಂನ ಹಳೆಯ ದಿಗ್ಗಜ ಎಡ್ಡಿ ಮರ್ಕ್ಸ್‌ನ ದಾಖಲೆಗೆ ಸಮ.

ಇವರಿಬ್ಬರಲ್ಲಿ ಯಾರು ದೊಡ್ಡವರು ಎಂಬ ಜಗಳ ನನಗೆ ಹಿಡಿಸುವುದಿಲ್ಲ. ಮರ್ಕ್ಸ್ ಟೂರ್ ಅನ್ನೇ ಐದು ಸಲ ಗೆದ್ದವನು. ಬೆಟ್ಟ, ಬಯಲು, ಒಂಟಿ ಓಟ ಎಲ್ಲದರಲ್ಲೂ ಮುಂದೆ. ಕ್ಯಾವೆಂಡಿಷ್ ಒಟ್ಟು ಸಮಯದಲ್ಲಿ ಮುಂದಿರುವವನ ಹಳದಿ ಜೆರ್ಸಿ ತೊಟ್ಟದ್ದೇ ಒಂದು ದಿನ, 2016ರಲ್ಲಿ. ಒಬ್ಬ ಇಡೀ ಅಡುಗೆ ಮಾಡುವವನು, ಇನ್ನೊಬ್ಬ ಹೋಳಿಗೆ ಮಾತ್ರ ಮಾಡುವವನು. ಹೋಲಿಸಿ ಏನು ಮಾಡೋದು?

2023ರಲ್ಲಿ ಕ್ಯಾವೆಂಡಿಷ್ ಬಿದ್ದು ಕಾಲರ್ ಬೋನ್ ಮುರಿದುಕೊಂಡು ಮನೆಗೆ ಹೋದ. 2024ರಲ್ಲಿ, 39ನೇ ವಯಸ್ಸಿನಲ್ಲಿ, ಮತ್ತೆ ಬಂದ. ಮೊದಲ ದಿನ ಫ್ಲಾರೆನ್ಸ್‌ನಿಂದ ರಿಮಿನಿಗೆ. ಬಿಸಿಲಿಗೆ ವಾಂತಿ ಮಾಡಿಕೊಳ್ಳುತ್ತ, ತಂಡದವರ ನೆರಳಿನಲ್ಲಿ, ಗೆದ್ದವನಿಗಿಂತ 40 ನಿಮಿಷದಷ್ಟು ತಡವಾಗಿ ಮುಟ್ಟಿದ. ಗಡುವಿನೊಳಗೆ. ಅದಾದ ನಾಲ್ಕನೇ ದಿನ, ಜುಲೈ 3, ಸೇಂಟ್ ವುಲ್ಬಾದಲ್ಲಿ ಒಂದು ಚಕ್ರದ ಹಿಂದಿನಿಂದ ಇನ್ನೊಂದರ ಹಿಂದಕ್ಕೆ ಜಿಗಿಯುತ್ತ, ಸಂದು ಸಿಕ್ಕ ಕೂಡಲೇ ನುಗ್ಗಿದ. 35. ನಾನು ಬ್ರಾಂಚಿನಲ್ಲಿ ಕಡತ ಮುಗಿಸುತ್ತ ಫೋನಿನಲ್ಲಿ ನೋಡುತ್ತಿದ್ದೆ. ಕೂಗಿದ್ದು ಮ್ಯಾನೇಜರ್ ಕ್ಯಾಬಿನ್ನಿಗೂ ಕೇಳಿಸಿತು.

ಅದೇ ರಾತ್ರಿ ರೂಮ್‌ಮೇಟ್‌ಗೆ ಫೋನ್ ಮಾಡಿದೆ. ಎರಡು ಭಾನುವಾರ ಬಿಟ್ಟು ವಿಜಯಪುರಕ್ಕೆ ಬಾ ಅಂದ. ಅವನ ಮಗಳು ಈಗ ಸೈಕಲ್ ಕಲಿಯುತ್ತಿದ್ದಾಳೆ, ಹನ್ನೆರಡು ವರ್ಷ. ಹೋದೆ. ಮೊದಲು ಪಿ.ಟಿ. ಸರ್ ಮನೆಗೆ. ನಿವೃತ್ತರಾಗಿ ಬಹಳ ದಿನವಾಗಿದೆ, ಕಿವಿ ಸ್ವಲ್ಪ ಮಂದ. ನನ್ನ ಗುರುತು ಹಿಡಿಯಲು ಹೊತ್ತು ತಗೊಂಡರು. ಆಮೇಲೆ ‘ಒಂದು ತಾಸು ಐವತ್ತೆರಡು, ಹೌದಿಲ್ಲೋ?’ ಅಂದರು. ನಾನು ಮಾತಾಡದೆ ಚಹಾ ಕುಡಿದೆ.

ಬೆಳಗ್ಗೆ ಮೂವರೂ ಹೊರಟೆವು. ಸೋಲಾಪುರ ರೋಡು ಈಗ ನಾಲ್ಕು ಪಥ, ಅಂಚಿನ ತನಕ ಡಾಂಬರು. ಗಾಳಿ ಮಾತ್ರ ಹಳೆಯದೇ. ಹುಡುಗಿ ಅಪ್ಪನ ಹಿಂದೆ ಹಗುರಾಗಿ ಹೋಗುತ್ತಿದ್ದಳು. ನಾನು ಅವಳ ಹಿಂದೆ ನೇರಕ್ಕೆ ಅಂಟಿಕೊಂಡು ಏದುಸಿರು ಬಿಡುತ್ತಿದ್ದೆ. ಅವಳು ಒಮ್ಮೆ ತಿರುಗಿ ನೋಡಿದಳು.

‘ಕಾಕಾ, ಗಾಳಿ ಎಡಕ್ಕ ಐತ್ರಿ. ಬಲಕ್ಕ ಬರ್ರಿ.’