ಯೂಫ್, ಪಿನ್ ಕೋಡ್ 7448

ಸುಮಾರು ಮೂವತ್ತು ಜನರಿರುವ ಊರಿಗೆ ಸ್ವಂತ ಪಿನ್ ಕೋಡ್! ತೀರ್ಥಹಳ್ಳಿ ತಾಲ್ಲೂಕಿನ ಉಪ ಅಂಚೆ ಕಚೇರಿಯೊಂದರಿಂದ ನಿವೃತ್ತನಾದ ನನಗೆ ಇದು ಸುಲಭವಾಗಿ ಅರಗಲಿಲ್ಲ. ನಮ್ಮಲ್ಲಿ ಒಂದೇ ಪಿನ್ ಕೋಡಿನ ಕೆಳಗೆ ಹಲವು ಹಳ್ಳಿಗಳು, ಅವುಗಳ ಶಾಖಾ ಅಂಚೆ ಕಚೇರಿಗಳು, ಕಾಡಿನ ನಡುವಿನ ಒಂಟಿಮನೆಗಳು ಎಲ್ಲವೂ ಬರುತ್ತವೆ. ಯೂಫ್ ಸೇರಿರುವ ಸ್ವಿಟ್ಜರ್ಲೆಂಡಿನ ಆವೆರ್ಸ್ ಪಂಚಾಯಿತಿಯ ಒಟ್ಟು ಜನಸಂಖ್ಯೆ ಇನ್ನೂರು ದಾಟುವುದಿಲ್ಲ. ಆದರೂ ಕೆಳಗಿನ ಕ್ರೆಸ್ಟಾಕ್ಕೆ 7447, ಕಣಿವೆಯ ತುದಿಯ ಯೂಫ್‌ಗೆ 7448. ಅವರು ಈ ನಾಲ್ಕಂಕಿಯ ಪದ್ಧತಿ ತಂದದ್ದು 1964ರಲ್ಲಿ. ನಾವು ಆರಂಕಿಯದನ್ನು ತಂದದ್ದು 1972ರ ಆಗಸ್ಟ್ 15ರಂದು.

ಜ್ಯೂರಿಕ್‌ನಲ್ಲಿರುವ ಮಗಳು ಎಲ್ಲಿಗೆ ಹೋಗೋಣ ಎಂದು ಕೇಳುತ್ತ, "ಅಪ್ಪ, ಯೂಫ್‌ಗೆ ಅಂಚೆಯವರ ಬಸ್ಸೇ ಹೋಗುತ್ತದೆ" ಎಂದಳು. ಆಮೇಲೆ ನಾನು ಬೇರೆ ಊರಿನ ಮಾತೆತ್ತಲಿಲ್ಲ. 1906ರಲ್ಲಿ ಬರ್ನ್ ಮತ್ತು ಡೆಟ್ಲಿಗೆನ್ ನಡುವೆ ಮೊದಲ ಅಂಚೆ ಬಸ್ ಓಡಿತಂತೆ. ಈಗ ಹಳದಿ ಬಣ್ಣದ ಈ ಬಸ್ಸುಗಳು ಬೆಟ್ಟದ ಮೂಲೆಮೂಲೆಗೂ ಹೋಗುತ್ತವೆ. ಆಂಡೇರ್ ಎಂಬ ಊರಿನಿಂದ ನಮ್ಮ ಬಸ್ ಹೊರಟು ಕೊರಕಲಿನೊಳಗೆ ನುಗ್ಗಿತು. ಎದುರಿನ ವಾಹನ ಕಾಣದ ತಿರುವಿನಲ್ಲಿ ಚಾಲಕ ಮೂರು ಸ್ವರದ ಹಾರ್ನ್ ಬಾರಿಸುತ್ತಾನೆ. ಅಂಚೆ ಕಹಳೆಯ ಗುರುತಿರುವ ಬೆಟ್ಟದ ರಸ್ತೆಗಳಲ್ಲಿ ಕಾರಿನವರು ಅಂಚೆ ಬಸ್ಸಿನ ಚಾಲಕ ಹೇಳಿದಂತೆ ಕೇಳಬೇಕು, ಹಿಂದೆ ಸರಿ ಎಂದರೆ ಸರಿಯಬೇಕು. ಇಲಾಖೆಗೆ ಇಷ್ಟು ಮರ್ಯಾದೆ ಸಿಗುವುದನ್ನು ನಾನು ಸೇವೆಯಲ್ಲಿದ್ದಾಗ ಕಂಡಿರಲಿಲ್ಲ.

ಕಾಂಪ್ಸುಟ್, ಕ್ರೋಟ್, ಕ್ರೆಸ್ಟಾ, ಪುರ್ಟ್, ಯುಪ್ಪಾ: ನಾಲ್ಕಾರು ಮನೆ, ಒಂದು ನಿಲ್ದಾಣ, ಮತ್ತೆ ಹುಲ್ಲು. ನಮ್ಮ ಮಲೆನಾಡಿನವರ ಹಾಗೆ ಇವರೂ ಒಟ್ಟೊಟ್ಟಿಗೆ ಮನೆ ಕಟ್ಟಿದವರಲ್ಲ. ಹದಿಮೂರನೆಯ ಶತಮಾನದಲ್ಲಿ ವಲೈ ಪ್ರಾಂತದ ಕಡೆಯಿಂದ ಬಂದ ವಾಲ್ಸರ್ ಎಂಬ ಜರ್ಮನ್ ಮಾತಿನ ರೈತರು. ಸುತ್ತ ರೊಮಾನ್ಶ್ ಮತ್ತು ಇಟಾಲಿಯನ್ ಇದ್ದರೂ ತಮ್ಮ ಮಾತು ಬಿಡಲಿಲ್ಲ.

ಯೂಫ್ ಇರುವುದು 2,126 ಮೀಟರ್ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿಯೇ 1,930 ಮೀಟರ್. ಯುರೋಪಿನಲ್ಲಿ ವರ್ಷವಿಡೀ ಜನ ವಾಸಿಸುವ ಅತಿ ಎತ್ತರದ ಊರು ಇದೇ ಎನ್ನುತ್ತಾರೆ. ಕಾಕಸಸ್ ಪರ್ವತಗಳನ್ನು ಯುರೋಪಿಗೆ ಸೇರಿಸುವವರು ಒಪ್ಪಲಿಕ್ಕಿಲ್ಲ. ಆ ಜಗಳ ನನಗೆ ಬೇಡ. ಹಿಮಾಚಲದ ಹಿಕ್ಕಿಂನಲ್ಲಿ 4,400 ಮೀಟರ್ ಎತ್ತರದಲ್ಲಿ ನಮ್ಮದೇ ಅಂಚೆ ಕಚೇರಿ ಇದೆ ಎಂಬುದನ್ನು ಮಾತ್ರ ಅಳಿಯನಿಗೆ ಹೇಳದೆ ಬಿಡಲಿಲ್ಲ.

ಕ್ರೆಸ್ಟಾದ ಕೆಳಗೆ ಕಾಡಿದೆ, ಮೇಲೆ ಮರವೇ ಇಲ್ಲ. ಹಾಗಾದರೆ ಆರು ತಿಂಗಳು ಹಿಮ ಬೀಳುವ ಊರಿನಲ್ಲಿ ಒಲೆಗೆ ಏನು ಹಾಕುತ್ತಿದ್ದರು? ಕುರಿಹಿಕ್ಕೆ. ದೊಡ್ಡಿಯಲ್ಲಿ ಕುರಿಗಳೇ ತುಳಿದು ಗಟ್ಟಿ ಮಾಡಿದ್ದನ್ನು ಇಟ್ಟಿಗೆಯ ಆಕಾರಕ್ಕೆ ಕತ್ತರಿಸಿ, ಗೋಡೆಯ ಬದಿಗೆ ಒಟ್ಟಿ, ಗಾಳಿಗೆ ಒಣಗಿಸಿ ಉರಿಸುತ್ತಿದ್ದರು. ಮಗಳು ಇದನ್ನು ವಿವರಿಸುತ್ತಿದ್ದಂತೆ ನನ್ನ ಹೆಂಡತಿಯ ಮುಖ ಅರಳಿತು. "ನೋಡಿದಿರಾ! ನಾನು ಬೆರಣಿ ತಟ್ಟುತ್ತಿದ್ದೆ ಎಂದರೆ ನಿಮ್ಮ ಮಗಳು ಮೂಗು ಮುರಿಯುತ್ತಿದ್ದಳು" ಎಂದಳು. ಅಳಿಯ ಕೆಮ್ಮಿದ.

ಯೂಫ್‌ನಲ್ಲಿ ನೋಡುವುದಕ್ಕೆ ಹೆಚ್ಚೇನೂ ಇಲ್ಲ: ಕೊಟ್ಟಿಗೆ, ಹುಲ್ಲಿನ ಕಣಜ, ಒಂದು ಹೊಳೆ. ರಸ್ತೆ ಅಲ್ಲಿಗೆ ಮುಗಿಯುತ್ತದೆ. ಮುಂದಿನದು ಕಾಲುದಾರಿ, 2,581 ಮೀಟರಿನ ಸ್ಟಾಲರ್‌ಬೆರ್ಗ್ ಕಣಿವೆಮಾರ್ಗ ದಾಟಿದರೆ ಬಿವಿಯೋ ಎಂಬ ಊರು. ಮಗಳೂ ಅಳಿಯನೂ ಆ ದಾರಿ ಹಿಡಿದರು. ನಾವಿಬ್ಬರು ಹಳದಿ ಬಸ್ಸಿನಲ್ಲಿಯೇ ಇಳಿದೆವು. ಚಾಲಕನ ಹಿಂದಿನ ಸೀಟನ್ನು ನಾನು ಯಾರಿಗೂ ಬಿಟ್ಟುಕೊಡಲಿಲ್ಲ.