ಹೊಟ್ಟಿನಲ್ಲಿ ಹೋದ ಕಾಳು

ನನ್ನ ಕೆಲಸವೇನು ಎಂದು ಊರಿನವರಿಗೆ ಹೇಳುವುದು ಕಷ್ಟ. ಗದಗಿನಲ್ಲಿ ಸೋದರತ್ತೆ ಕೇಳಿದಾಗ "ಹಳೆಯ ಗ್ರಾಮಫೋನ್ ಪ್ಲೇಟು ತೊಳೆಯುತ್ತೇನೆ" ಎಂದೆ. "ಅದಕ್ಕೆ ಮುಂಬಯಿಯವರೆಗೆ ಹೋಗಬೇಕಿತ್ತೇನೇ?" ಎಂದರು. ನಾನು ಸುಳ್ಳು ಹೇಳಿರಲಿಲ್ಲ. ಲೋವರ್ ಪರೇಲಿನಲ್ಲಿ ಮುಚ್ಚಿಹೋದ ಬಟ್ಟೆ ಗಿರಣಿಯೊಂದರ ಆವರಣದಲ್ಲಿ ನಮ್ಮ ಸ್ಟುಡಿಯೋ ಇದೆ. ಎರಡು ಕೋಣೆ, ಮೂರು ಟರ್ನ್‌ಟೇಬಲ್, ನಾಲ್ಕು ಜನ. ಪ್ಲೇಟು ತೊಳೆಯುತ್ತೇವೆ, ನುಡಿಸಿ ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತೇವೆ, ಆಮೇಲೆ ಗೀರು, ಚಟಪಟ, ಕರಕರ ಎಲ್ಲವನ್ನೂ ಹೆಕ್ಕಿ ತೆಗೆಯುತ್ತೇವೆ. ಈ ಕೆಲಸ ಹಿಡಿದು ಆರು ವರ್ಷವಾಯಿತು. ಐದನೆಯ ವರ್ಷದಲ್ಲಿ, ಅಂದರೆ ನನಗೆ ಎಲ್ಲ ಗೊತ್ತು ಎಂಬ ಧೈರ್ಯ ಬಂದ ಹೊತ್ತಿಗೆ ಸರಿಯಾಗಿ, ಒಂದು ತಪ್ಪು ಮಾಡಿದೆ.

ನಮ್ಮಲ್ಲಿಗೆ ಬರುವುದರಲ್ಲಿ ಹೆಚ್ಚಿನವು ಅರವತ್ತು, ಎಪ್ಪತ್ತರ ದಶಕದ ಎಲ್‌ಪಿಗಳು, ಅಂದರೆ ಒಂದೊಂದು ಮುಖಕ್ಕೆ ಹಲವು ಹಾಡು ಹಿಡಿಸುವ ದೊಡ್ಡ ಪ್ಲೇಟುಗಳು. ಅದರಲ್ಲೂ ಬಂದ ಕಾಲದಲ್ಲಿ ಯಾರೂ ಕೊಳ್ಳದೆ ಮೂಲೆ ಸೇರಿದ ಸೈಕೆಡೆಲಿಕ್ ಮತ್ತು ಜಾನಪದ ಎಲ್‌ಪಿಗಳಿಗೆ ಈಗ ಎಲ್ಲಿಲ್ಲದ ಬೇಡಿಕೆ. ಗಿಟಾರಿನ ದನಿಯನ್ನು ಬೇಕೆಂದೇ ಗೊಗ್ಗರಾಗಿಸಿ, ಆರ್ಗನ್ನನ್ನು ಪ್ರತಿಧ್ವನಿಯಲ್ಲಿ ಅದ್ದಿ ತೆಗೆದು, ನಡುವೆ ಎಲ್ಲಿಂದಲೋ ಒಂದು ಸಿತಾರ್ ಬಂದು ಹೋದರೆ ಅದು ಸೈಕೆಡೆಲಿಕ್. ನಮ್ಮ ಕೆಲಸಕ್ಕೆ ಇಷ್ಟು ವಿವರಣೆ ಸಾಕು. ಕಾಲಾ ಘೋಡಾದ ರಿದಮ್ ಹೌಸ್ ಅಂಗಡಿ 2016ರಲ್ಲಿ ಬಾಗಿಲು ಹಾಕಿದಾಗ ಪ್ಲೇಟುಗಳ ಕಾಲ ಮುಗಿಯಿತೆಂದು ಎಲ್ಲರೂ ಮರುಗಿದರು. ಆದರೆ ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಮೊಣಕಾಲೂರಿ ಕುಳಿತು ರಾಶಿ ಜಾಲಾಡುವವರು ಈಗಲೂ ಇದ್ದಾರೆ. ಅವರ ಬೆರಳ ತುದಿ ಯಾವಾಗಲೂ ಕಪ್ಪಗಿರುತ್ತದೆ.

ಅವರು ಹುಡುಕುವುದೂ ಬೇರೆ ದೇಶದ್ದನ್ನಲ್ಲ. ಸಿಮ್ಲಾ ಎಂಬ ಸಿಗರೇಟಿನ ಹೆಸರಿನಲ್ಲಿ ನಡೆಯುತ್ತಿದ್ದ ಬೀಟ್ ಸ್ಪರ್ಧೆಯ ರಾಕ್ ತಂಡಗಳ ಹಾಡುಗಳು 1970 ಮತ್ತು 1971ರ ಹೆಸರಿನಲ್ಲಿ ಎರಡು ಎಲ್‌ಪಿಗಳಾಗಿ ಬಂದವು. ಶಿಲ್ಲಾಂಗಿನ ಫೆಂಟೋನ್ಸ್‌ನಂಥ ತಂಡಗಳು ಅದರಲ್ಲಿವೆ. ಆ ಸ್ಪರ್ಧೆಗೆ ವೇದಿಕೆಯಾಗಿದ್ದ ಷಣ್ಮುಖಾನಂದ ಸಭಾಂಗಣಕ್ಕೆ ನಾನು ಸಂಗೀತ ಕಚೇರಿಗಳಿಗೆಂದು ಎಷ್ಟೋ ಸಲ ಹೋಗಿದ್ದೇನೆ. ಮಾಟುಂಗಾದ ಮೈಸೂರು ಅಸೋಸಿಯೇಷನ್ನಿಗೆ ಹೋದ ದಿನ ಅದರ ಮುಂದೆಯೇ ಹಾದು ಬಂದಿದ್ದೇನೆ. ಶಾಲು ಹೊದ್ದ ರಸಿಕರು ತಲೆದೂಗುವ ಆ ಜಾಗದಲ್ಲಿ ಉದ್ದ ಕೂದಲಿನ ಹುಡುಗರು ಆಂಪ್ಲಿಫೈಯರ್ ಅಬ್ಬರಿಸಿದ್ದರೆಂದು ತಿಳಿದದ್ದು ಆ ಎಲ್‌ಪಿಯನ್ನು ತೊಳೆಯುವಾಗ. ಮುಂಬಯಿಯದೇ ಅಟಾಮಿಕ್ ಫಾರೆಸ್ಟ್ ತಂಡದ ಎಲ್‌ಪಿಯನ್ನು ಅಮೆರಿಕದ ನೌ-ಅಗೇನ್ ಸಂಸ್ಥೆ 2011ರಲ್ಲಿ ಮತ್ತೆ ಹೊರತಂದಿತು. ಚರಣ್‌ಜಿತ್ ಸಿಂಗ್ ಅವರದು ಇನ್ನೂ ಸೋಜಿಗ. ಹಿಂದಿ ಸಿನಿಮಾ ವಾದ್ಯವೃಂದಗಳಲ್ಲಿ ನುಡಿಸುತ್ತಿದ್ದ ಅವರು 1982ರಲ್ಲಿ ರೋಲ್ಯಾಂಡ್ ಕಂಪನಿಯ ಮೂರು ಎಲೆಕ್ಟ್ರಾನಿಕ್ ವಾದ್ಯಯಂತ್ರಗಳನ್ನು ಮುಂದಿಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂರಿಸಿದರು. ಆಗ ಯಾರೂ ಕಿವಿಗೊಡಲಿಲ್ಲ. ನೆದರ್ಲೆಂಡ್ಸಿನ ಸಂಗ್ರಾಹಕರೊಬ್ಬರ ಕೈಗೆ ಅದು ಸಿಕ್ಕು 2010ರಲ್ಲಿ ಮರುಮುದ್ರಣವಾದ ಮೇಲೆ, ಅಜ್ಜನಾಗಿದ್ದ ಅವರು ಯುರೋಪಿನ ವೇದಿಕೆಗಳನ್ನು ಏರಬೇಕಾಯಿತು.

ಇಂಥ ಎಲ್‌ಪಿಗಳ ಮೇಲೆ ಕೆಲಸ ಮಾಡುವಾಗ ನಾನು ಬಹಳ ಹುಷಾರು. ಗಿಟಾರಿಗೆ ದನಿಯನ್ನು ಗೊಗ್ಗರಾಗಿಸುವ ಫಜ್ ಪೆಡಲ್ ಹಾಕಿದರೆ ನಾದದ ಅಲೆಯ ನೆತ್ತಿ ಕತ್ತರಿಸಿದಂತೆ ಚಪ್ಪಟೆಯಾಗುತ್ತದೆ. ರೆಕಾರ್ಡಿಂಗ್ ಕೆಟ್ಟಾಗಲೂ ಅಲೆ ಹೀಗೆಯೇ ಚಪ್ಪಟೆಯಾಗುವುದರಿಂದ ತಂತ್ರಾಂಶಕ್ಕೆ ಎರಡರ ಅಂತರ ತಿಳಿಯದು. ಉಪಕಾರ ಮಾಡಲು ಹೋಗಿ ಆ ನೆತ್ತಿಯನ್ನು ದುಂಡಗೆ ತಿದ್ದಿಬಿಡುತ್ತದೆ. ಸಿಂಹದಂತಿದ್ದ ಗಿಟಾರ್ ಬೆಕ್ಕಾಗುತ್ತದೆ. ಹೀಗಾಗಿ ಫಜ್ ಇರುವ ಕಡೆ ತಂತ್ರಾಂಶದ ಆ ತಿದ್ದುವ ಸೌಲಭ್ಯವನ್ನು ಮುಟ್ಟಬಾರದೆಂದು ಹೊಸಬರಿಗೆ ಪಾಠ ಮಾಡುವವಳು ನಾನೇ. ಕ್ಯಾಲಿಫೋರ್ನಿಯಾದಲ್ಲಿ ದಂತವೈದ್ಯರ ಬಳಿ ಕೆಲಸಕ್ಕಿದ್ದ ಲಿಂಡಾ ಪರ್‌ಹ್ಯಾಕ್ಸ್ 1970ರಲ್ಲಿ ಒಂದು ಎಲ್‌ಪಿ ಮಾಡಿದರು. ಒತ್ತಿ ಬಂದ ಪ್ಲೇಟಿನಲ್ಲಿ ತಮ್ಮ ಹಾಡಿನ ಏರಿಳಿತವೆಲ್ಲ ಸತ್ತುಹೋದದ್ದನ್ನು ಕೇಳಿ ನೊಂದು ಅದನ್ನು ದೂರವಿಟ್ಟರು. ದಶಕಗಳ ನಂತರ ಅವರ ಹತ್ತಿರವೇ ಉಳಿದಿದ್ದ ಟೇಪಿನಿಂದ ಆ ಹಾಡು ಮತ್ತೆ ಮೈತುಂಬಿಕೊಂಡು ಬಂತು. ಈ ಕಥೆಯನ್ನೂ ಹೊಸಬರಿಗೆ ಹೇಳುತ್ತಿದ್ದೆ, ಸ್ವಲ್ಪ ಗತ್ತಿನಿಂದಲೇ.

ಕಳೆದ ವರ್ಷ ಜುಲೈಯಲ್ಲಿ, ಹಳಿಯ ಮೇಲೆ ನೀರು ನಿಂತು ಲೋಕಲ್ ರೈಲುಗಳು ತಡವಾಗಿದ್ದ ಒಂದು ದಿನ, ಎಪ್ಪತ್ತು ದಾಟಿದ ಒಬ್ಬರು ಧೋತರದ ತುಂಡಿನಲ್ಲಿ ಸುತ್ತಿದ ಪ್ಲೇಟನ್ನು ಎದೆಗವಚಿಕೊಂಡು ಬಂದರು. ನಿವೃತ್ತ ಬಸ್ ಕಂಡಕ್ಟರ್, ಲಾಲ್‌ಬಾಗಿನ ಚಾಳಿನಲ್ಲಿ ವಾಸ. ನನ್ನ ಫೋನಿನ ಮಾತು ಕೇಳಿ ಕನ್ನಡಕ್ಕೆ ತಿರುಗಿದರು. ಊರು ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕು; ನಕಾಶೆಯಲ್ಲಿ ಮಹಾರಾಷ್ಟ್ರ, ಅಡುಗೆಮನೆಯಲ್ಲಿ ಕನ್ನಡ. ಅವರ ತಂದೆ ಇದೇ ಲೋವರ್ ಪರೇಲಿನ ಗಿರಣಿಯೊಂದರಲ್ಲಿ ಮಗ್ಗ ನಡೆಸುತ್ತಿದ್ದವರು. 1982ರ ಮುಷ್ಕರದಲ್ಲಿ ಕೆಲಸ ಹೋಗಿ ಊರಿಗೆ ಮರಳುವಾಗ ಟ್ರಂಕನ್ನು ಮಗನ ಖೋಲಿಯಲ್ಲೇ ಬಿಟ್ಟಿದ್ದರಂತೆ. ಪ್ಲೇಟು ಅದರಲ್ಲಿತ್ತು.

78ರ ಪ್ಲೇಟು, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಬಗೆಯದು, ಹತ್ತು ಅಂಗುಲದ್ದು. ಲೇಬಲ್ಲಿನ ಅರ್ಧವನ್ನು ಗೆದ್ದಲು ತಿಂದಿತ್ತು. ಉಳಿದ ಅರ್ಧದಲ್ಲಿ ಭಾಷೆಯ ಹೆಸರು 'ಕೆನರೀಸ್' ಎಂದು ಇಂಗ್ಲಿಷಿನಲ್ಲಿತ್ತು. ಹಾಡಿದವರ ಹೆಸರು ಹೋಗಿತ್ತು. ಹೆಸರು ಉಳಿದಿದ್ದರೂ ಅದನ್ನು ನಂಬಬೇಕೆಂದೇನೂ ಇಲ್ಲ. ಗಂಗೂಬಾಯಿ ಹಾನಗಲ್ ಅವರ ಮೊದಮೊದಲ ಪ್ಲೇಟುಗಳು ಬಂದದ್ದು 'ಗಾಂಧಾರಿ' ಎಂಬ ಹೆಸರಿನಲ್ಲಿ.

"ಎಲ್ಲಮ್ಮನ ಪದ ಇದು. ಅಪ್ಪ ಹುಣ್ಣಿಮೆ ದಿನ ಹಚ್ಚುತ್ತಿದ್ದ. ಮೊಮ್ಮಕ್ಕಳಿಗೆ ಮೊಬೈಲಿನಲ್ಲಿ ಕೇಳಿಸಬೇಕು ತಂಗೀ" ಎಂದರು.

"ಗೀರು ಬಹಳ ಇದೆ ಕಾಕಾ."

"ಸೂಜಿ ಮುಗಿದಾಗ ಅಪ್ಪ ಜಾಲಿಮುಳ್ಳು ಸಿಗಿಸುತ್ತಿದ್ದ."

ಜಾಲಿಮುಳ್ಳು ನಿಜಕ್ಕೂ ಪುಣ್ಯದ ಕೆಲಸ ಮಾಡಿತ್ತು. ಉಕ್ಕಿನ ಸೂಜಿಯನ್ನು ಒಂದು ಮುಖಕ್ಕೆ ಒಂದರಂತೆ ಬದಲಿಸಬೇಕೆಂದು ಡಬ್ಬಿಯ ಮೇಲೆ ಬರೆದಿರುತ್ತಿತ್ತು. ಒಂದೇ ಸೂಜಿಯಲ್ಲಿ ಐವತ್ತು ಸಲ ನುಡಿಸಿ ಸೂಜಿ ಓಡುವ ಗೀರುದಾರಿಯನ್ನು ಉತ್ತ ಹೊಲದಂತೆ ಮಾಡಿದವರೇ ಹೆಚ್ಚು. ಮುಳ್ಳು ಮೆತ್ತಗಾದ್ದರಿಂದ ತಾನೇ ಸವೆಯುತ್ತದೆ, ಪ್ಲೇಟಿನ ಗೀರುದಾರಿಯನ್ನು ಅಷ್ಟಾಗಿ ಕೊರೆಯುವುದಿಲ್ಲ. ಪರದೇಶಗಳಲ್ಲಿ ಕಳ್ಳಿಮುಳ್ಳಿನ, ಬಿದಿರಿನ ಸೂಜಿಗಳನ್ನು ಅಂಗಡಿಯಲ್ಲೇ ಮಾರುತ್ತಿದ್ದರು.

ತೊಳೆಯುವುದರಲ್ಲಿ ನಾನು ತಪ್ಪಲಿಲ್ಲ. ಎಲ್‌ಪಿ ವಿನೈಲ್ ಪ್ಲಾಸ್ಟಿಕ್ಕಿನದು. ಶುದ್ಧ ನೀರಿಗೆ ಸ್ವಲ್ಪ ಆಲ್ಕೋಹಾಲ್ ಬೆರೆಸಿ ಒರೆಸಿದರೆ ನಡೆಯುತ್ತದೆ. 78ರ ಪ್ಲೇಟು ಅರಗಿನದು. ಅರಗಿನ ಮನೆಗೆ ಬೆಂಕಿ ಹೇಗೋ ಅರಗಿನ ಪ್ಲೇಟಿಗೆ ಆಲ್ಕೋಹಾಲ್ ಹಾಗೆ, ಮುಟ್ಟಿದೊಡನೆ ಕರಗತೊಡಗುತ್ತದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಾಗೊಂದನ್ನು ಕೊಂದಿದ್ದೇನೆ. ಅದರ ಮಾತು ಬೇಡ.

ತೊಳೆದು, 78ಕ್ಕೆಂದೇ ಇರುವ 75 ಮೈಕ್ರಾನಿನ ದಪ್ಪ ಸೂಜಿ ಹಾಕಿ, ನುಡಿಸಿ ಇಳಿಸಿಕೊಂಡೆ. ಆಮೇಲೆ, ನೂರಾರು ಪ್ಲೇಟುಗಳ ಮೇಲೆ ಪಳಗಿಸಿ ನಾನೇ ಹೊಂದಿಸಿಟ್ಟಿದ್ದ ಅಳತೆಗಳನ್ನು ತಂತ್ರಾಂಶಕ್ಕೆ ಕೊಟ್ಟು, ಸದ್ದು ಜಾಸ್ತಿಯಿದೆಯೆಂದು ಇನ್ನೆರಡು ಮೆಟ್ಟಿಲು ಬಿಗಿ ಮಾಡಿ, ಗುಂಡಿ ಒತ್ತಿ ಚಹಾ ಕುಡಿಯಲು ಹೋದೆ. ಬಂದು ಕೇಳಿದರೆ ಹೆಂಗಸಿನ ದನಿ ಕೊಳದ ತಿಳಿನೀರಿನಂತಿತ್ತು. ಗೀರಿನ ಸುಳಿವಿಲ್ಲ. ನಮ್ಮ ಯಜಮಾನರನ್ನು ಕರೆದು ಮೊದಲಿನದು, ನಂತರದ್ದು ಎಂದು ಎರಡನ್ನೂ ಕೇಳಿಸಿದೆ. ಅವರು ಹುಬ್ಬೇರಿಸಿದರು. ಇಡೀ ಕೆಲಸಕ್ಕೆ ಹಿಡಿದದ್ದು ಮುಕ್ಕಾಲು ಗಂಟೆ.

ಕಾಕಾ ನಮ್ಮ ದೊಡ್ಡ ಸ್ಪೀಕರಿನ ಮುಂದೆ ಕೈಕಟ್ಟಿ ಕುಳಿತು ಎರಡು ಸಲ ಕೇಳಿದರು. ಮೂರನೆಯದಕ್ಕೆ ಬೇಡವೆಂದು ಕೈ ಆಡಿಸಿದರು.

"ಚೊಕ್ಕಟವಾಗಿದೆ ತಂಗೀ. ಆದರೆ ಜೋಗಮ್ಮ ಗುಡ್ಡದಲ್ಲಿ ಹಾಡಿದಂತಿಲ್ಲ, ಆಸ್ಪತ್ರೆಯಲ್ಲಿ ಹಾಡಿದಂತಿದೆ."

ನನಗೆ ಸಿಟ್ಟು ಬಂತು. ಹಳೆಯ ಸದ್ದಿಗೆ ಹೊಂದಿಕೊಂಡ ಕಿವಿ, ಹೊಸದನ್ನು ಒಪ್ಪುತ್ತಿಲ್ಲ ಎಂದುಕೊಂಡೆ. ಹಾಗೆ ಹೇಳುವ ಗಿರಾಕಿಗಳು ಇರುತ್ತಾರೆ. ನೋಡುತ್ತೇನೆ ಎಂದು ಕಳಿಸಿದೆ. ಸಂಜೆ ಎಲ್ಲರೂ ಹೋದ ಮೇಲೆ, ಅವರ ಮಾತು ಸುಳ್ಳೆಂದು ನನಗೆ ನಾನೇ ಸಾಬೀತು ಮಾಡಿಕೊಳ್ಳಲು, ತೆಗೆದುಹಾಕಿದ ಸದ್ದನ್ನು ಮಾತ್ರ ಕೇಳಿಸುವ ಆಯ್ಕೆಯನ್ನು ಒತ್ತಿದೆ. ಎಲ್ಲ ಒಳ್ಳೆಯ ತಂತ್ರಾಂಶಗಳಲ್ಲೂ ಅದಿರುತ್ತದೆ. ಫಜ್ ಗಿಟಾರಿನ ಎಲ್‌ಪಿಗಳಲ್ಲಿ ಅದನ್ನು ತಪ್ಪದೆ ಒತ್ತುತ್ತಿದ್ದೆ. ಇಲ್ಲಿ ಒತ್ತಿರಲಿಲ್ಲ.

ಕಸದ ಬುಟ್ಟಿಯಲ್ಲಿ ತಾಳವಿತ್ತು.

ಚಟಪಟದ ನಡುವೆ ಟುಂಯ್, ಟುಂಯ್ ಎಂದು ಲಯ ತಪ್ಪದ ಒಂದು ಮಿಡಿತ. ಒಮ್ಮೆ ಏರಿ, ಒಮ್ಮೆ ಬಾಗಿ, ಹಾಡಿನ ಕೊನೆಯ ಸೊಲ್ಲಿಗೆ ಓಡೋಡಿ ಬರುತ್ತಿತ್ತು. ಚೌಡಿಕೆ! ಮರದ ಟೊಳ್ಳು ಕೊಳಗಕ್ಕೆ ಅಡಿಯಲ್ಲಿ ಚರ್ಮ ಬಿಗಿದು, ಅದರ ನಟ್ಟನಡುವಿನಿಂದ ಹೊರಟ ತಂತಿಯನ್ನು ಮೇಲಿನ ಹಿಡಿಗೆ ಕಟ್ಟಿ, ಕಂಕುಳಲ್ಲಿ ಅವುಚಿ ಕಡ್ಡಿಯಿಂದ ಮೀಟುವ ವಾದ್ಯ. ಮೀಟಿದ ಕ್ಷಣ ಸದ್ದು ಒಮ್ಮೆಗೇ ನೆಟ್ಟಗೆ ಮೇಲೇಳುತ್ತದೆ. ಪ್ಲೇಟಿನ ಗೀರೂ ಹಾಗೆಯೇ ಏಳುತ್ತದೆ. ತಂತ್ರಾಂಶ ಹುಡುಕುವುದು ಇಂಥ ದಿಢೀರ್ ಏಟುಗಳನ್ನೇ. ಸಿಕ್ಕಿದ್ದನ್ನು ಅಳಿಸಿ, ಹಿಂದುಮುಂದಿನ ಅಲೆ ನೋಡಿ ನಡುವಿನ ತೂತಿಗೆ ತೇಪೆ ಹಾಕುತ್ತದೆ. ಹಾಡಿನ ಬೆನ್ನೆಲುಬನ್ನು ಗೀರೆಂದು ಕಿತ್ತು ತೇಪೆ ಹಾಕಿತ್ತು. ಇನ್ನೂ ಕಿವಿಗೊಟ್ಟರೆ ತಾಳದ ಝಲ್ಲಿನ ತುದಿಯೂ, ಶ್ರುತಿ ಹಿಡಿದ ತಂತಿಯ ಜೀವವೂ ಅದೇ ಬುಟ್ಟಿಯಲ್ಲಿದ್ದವು. ಮೊರದಲ್ಲಿ ಕೇರಿದ ಮೇಲೆ ಅವ್ವ ಹೊಟ್ಟಿನಲ್ಲಿ ಒಮ್ಮೆ ಕೈಯಾಡಿಸಿ ನೋಡುತ್ತಿದ್ದಳು. ಅವಳಿಗೆ ಯಾರೂ ತರಬೇತಿ ಕೊಟ್ಟಿರಲಿಲ್ಲ.

ತಂತ್ರಾಂಶವನ್ನು ನಾನು ದೂರುವುದಿಲ್ಲ. ಅದು ಹೇಳಿದಷ್ಟು ಮಾಡಿತು. ನನ್ನನ್ನು ಕಾಡಿದ್ದು ಬೇರೆ. 1971ರ ಯಾವುದೋ ಹುಡುಗನ ಗಿಟಾರ್ ಗೊಗ್ಗರು ಬೇಕೆಂದೇ ಮಾಡಿದ್ದೆಂದು ಕಾಪಾಡಲು ನನಗೆ ತೋಚಿತ್ತು. ಚೌಡಿಕೆಯ ಗೊಗ್ಗರೂ ಬೇಕೆಂದೇ ಮಾಡಿದ್ದೆಂದು ತೋಚಲಿಲ್ಲ. ಸವದತ್ತಿಗೆ ಹೋಗುವ ಜೋಗತಿಯರ ಮೇಳ ನಮ್ಮ ಗದಗಿನ ಮನೆಯ ಮುಂದೆ ನಿಂತು ಹಾಡಿ, ಜೋಳ ಹಾಕಿಸಿಕೊಂಡು ಹೋದದ್ದನ್ನು ಎಷ್ಟು ಸಲ ನೋಡಿಲ್ಲ! ಜಾನಪದ ಎಂದೊಡನೆ ದನಿಯೊಂದಿದ್ದರೆ ಸಾಕು, ಹಿಂದಿನದೆಲ್ಲ ಗದ್ದಲ ಎಂದು ಒಳಗೆಲ್ಲೋ ತೀರ್ಮಾನಿಸಿಬಿಟ್ಟಿದ್ದೆ. ಮುಕ್ಕಾಲು ಗಂಟೆಯಲ್ಲಿ ಮುಗಿಸಿದ್ದು ಅದೇ ತೀರ್ಮಾನದಿಂದ. ಫಜ್ ಗಿಟಾರಿಗೆ ನಾನು ನಾಲ್ಕು ದಿನ ಕೊಡುತ್ತೇನೆ.

ಮತ್ತೆ ಮೊದಲಿನಿಂದ ಶುರುಮಾಡಿದೆ. ಈ ಸಲ ಸೂಜಿಯನ್ನೇ ಬದಲಿಸಿ ನೋಡಿದೆ. ಹಳೆಯ ಸೂಜಿಗಳು ಗೀರುದಾರಿಯ ಗೋಡೆಯನ್ನು ಸವೆಸಿದ ಎತ್ತರದಲ್ಲೇ ನಮ್ಮದೂ ಕುಳಿತರೆ ಕರಕರವೇ ಗತಿ. ಒಂದಿಷ್ಟು ಸಣ್ಣ ಮೊನೆಯದು ಇನ್ನೂ ಕೆಳಗಿಳಿದು ಸವೆಯದ ಗೋಡೆಯನ್ನು ಹಿಡಿಯುತ್ತದೆ. 65 ಮೈಕ್ರಾನಿನ ಆಸುಪಾಸಿನದು ಹೊಂದಿತು. ಅರ್ಧ ಗದ್ದಲ ಅಲ್ಲೇ ಹೋಯಿತು. ಈ ಪ್ಲೇಟುಗಳಲ್ಲಿ ಹಾಡು ಇರುವುದು ಸೂಜಿಯ ಅಡ್ಡ ಓಲಾಟದಲ್ಲಿ ಮಾತ್ರ. ಆದ್ದರಿಂದ ಸೂಜಿ ಕೂರುವ ಸ್ಟೀರಿಯೋ ಕಾರ್ಟ್ರಿಜ್ಜಿನ ಎರಡೂ ಚಾನೆಲ್ಲುಗಳನ್ನು ಒಂದುಗೂಡಿಸಿದರೆ ಮೇಲೆಕೆಳಗೆ ಕುಪ್ಪಳಿಸುವ ಧೂಳಿನ ಸದ್ದು ತನ್ನಷ್ಟಕ್ಕೆ ಕಳೆದುಹೋಗುತ್ತದೆ. ಇದಾದ ಮೇಲೆ ಉಳಿದ ಗೀರುಗಳನ್ನು ಪರದೆಯ ಮೇಲೆ ಒಂದೊಂದಾಗಿ ನೋಡಿ ಕೈಯಿಂದಲೇ ತೆಗೆದೆ. ಮೂರು ನಿಮಿಷದ ಒಂದು ಮುಖಕ್ಕೆ ಎರಡೂವರೆ ದಿನ. ಯಜಮಾನರು ಲೆಕ್ಕ ಕೇಳಿದರು. ನನ್ನ ತಪ್ಪಿನ ದುಡ್ಡನ್ನು ಕಾಕಾ ಏಕೆ ಕೊಡಬೇಕು ಎಂದೆ. ಯಜಮಾನರಿಗೆ ಆ ಉತ್ತರ ಹಿಡಿಸಲಿಲ್ಲ, ಆದರೂ ಬಿಲ್ಲು ಹಳೆಯದೇ ಹೋಯಿತು. ಅಂದಿನಿಂದ ನಮ್ಮಲ್ಲಿ ಪ್ರತಿ ಕೆಲಸದ ಜೊತೆ ತೆಗೆದುಹಾಕಿದ ಸದ್ದಿನ ಫೈಲೂ ಇರಬೇಕು, ಅದನ್ನು ಇನ್ನೊಬ್ಬರು ಪೂರ್ತಿ ಕೇಳಿ ಸಹಿ ಹಾಕಬೇಕು. ಇಂಥ ಕಸ ಕೇಳುವ ಸರದಿ ಯಾರಿಗೂ ಇಷ್ಟವಿಲ್ಲ. ಆನಂದ ಶಂಕರ್ ಅವರ ಸಿತಾರ್ ಇರುವ ಒಂದು ಎಲ್‌ಪಿಯಲ್ಲಿ ತಂತಿ ಕುದುರೆಯ ಮೇಲೆ ತಾಗಿ ಏಳುವ ಜವಾರಿ ಎಂಬ ಝೇಂಕಾರ ಬುಟ್ಟಿಗೆ ಬಿದ್ದಿದ್ದನ್ನು ಹೀಗೆಯೇ ಹಿಡಿದದ್ದು, ಸೇರಿ ಎರಡು ತಿಂಗಳಾಗಿದ್ದ ಹುಡುಗ.

ಎರಡನೆಯ ಸಲ ಕೇಳಿದಾಗ ಕಾಕಾ ಏನೂ ಹೇಳಲಿಲ್ಲ. ಬಲಗೈಯ ಎರಡು ಬೆರಳು ತೊಡೆಯ ಮೇಲೆ ಕಡ್ಡಿಯಂತೆ ಆಡುತ್ತಿದ್ದವು. ಹಾಡು ಮುಗಿದ ಮೇಲೆ ಚೀಲದಿಂದ ಮರಾಠಿ ಪತ್ರಿಕೆಯಲ್ಲಿ ಸುತ್ತಿದ ಇನ್ನೊಂದು ಪ್ಲೇಟನ್ನು ತೆಗೆದರು. ಸರಿಯಾಗಿ ಎರಡು ಹೋಳು.

"ಮೊದಲೇ ತೋರಿಸಬೇಕೆಂದಿದ್ದೆ. ನೀನು ಹೇಗೆ ಮಾಡುತ್ತೀಯೋ ನೋಡೋಣ ಎಂದು ಇಟ್ಟುಕೊಂಡಿದ್ದೆ" ಎಂದರು.

ಹೋಳುಗಳನ್ನು ಗಾಜಿನ ಹಲಗೆಯ ಮೇಲೆ ಅಂಚಿಗೆ ಅಂಚು ಕೂಡಿಸಿ, ಹೊರಸುತ್ತಿಗೆ ಟೇಪು ಬಿಗಿದು ನುಡಿಸಿದ್ದೇನೆ. ಸೂಜಿ ಹಾರಲಿಲ್ಲ. ಬಿರುಕು ನಡುವಿನಿಂದ ಹಾದಿರುವುದರಿಂದ ಒಂದು ಸುತ್ತಿಗೆ ಎರಡು ಟಕ್, ನಿಮಿಷಕ್ಕೆ 156. ಈ ಹಾಡಿನ ನಡೆಯೂ ಹೆಚ್ಚುಕಡಿಮೆ ಅಷ್ಟೇ ವೇಗದ್ದು. ಯಾವ ಟಕ್ ಬಿರುಕಿನದು, ಯಾವುದು ಚೌಡಿಕೆಯದು ಎಂದು ಬಿಡಿಸುತ್ತಾ ಕುಳಿತಿದ್ದೇನೆ. ಮೊದಲ ಮುಖದಲ್ಲಿ ನಲವತ್ತು ಸೆಕೆಂಡು ಮುಗಿದಿದೆ.