ಜಾನಪದ ಸಂಗ್ರಹಕ್ಕೆ ಒಂದೇ ಹವೆ ಒಗ್ಗುವುದಿಲ್ಲ

ಮೈಸೂರಿನ ಮಾನಸಗಂಗೋತ್ರಿಯ ಜಯಲಕ್ಷ್ಮೀವಿಲಾಸ ಅರಮನೆ 1905ರದ್ದು. ಅಲ್ಲಿನ ಜಾನಪದ ವಸ್ತುಸಂಗ್ರಹಾಲಯ ಶುರುವಾದದ್ದು 1968ರಲ್ಲಿ. ಜಾನಪದ ವಿದ್ವಾಂಸ ಜೀ.ಶಂ. ಪರಮಶಿವಯ್ಯ, ಕಲಾವಿದ ಪಿ.ಆರ್. ತಿಪ್ಪೇಸ್ವಾಮಿ ಅಂಥವರ ದುಡಿಮೆಯಿಂದ ಬೆಳೆದ ಆ ಸಂಗ್ರಹ ಸುಮಾರು 6,500 ವಸ್ತುಗಳದ್ದು: ತೊಗಲು ಗೊಂಬೆ, ಸೋಮನ ಮುಖ (ಸೋಮನ ಕುಣಿತದ ಮರದ ಮುಖವಾಡ), ಯಕ್ಷಗಾನದ ಕಿರೀಟ, ಬೀಜ ಬಿತ್ತುವ ಕೂರಿಗೆ, ಕಾಳು ಅಳೆಯುವ ಕೊಳಗ, ಬಿದಿರು ಬುಟ್ಟಿ, ಹಿತ್ತಾಳೆ ದೀಪ. ಇವುಗಳಲ್ಲಿ ಹೆಚ್ಚಿನವು ನೂರಾರು ವರ್ಷ ಬಾಳಲೆಂದು ಮಾಡಿದವಲ್ಲ. ಊರಲ್ಲಿ ಬುಟ್ಟಿ ಹರಿದರೆ ಹೊಸತು ಹೆಣೆಯುತ್ತಿದ್ದರು, ನೇಗಿಲು ಸವೆದರೆ ಬಡಗಿ ಬೇರೆ ಮಾಡಿಕೊಡುತ್ತಿದ್ದ. ಸಂಗ್ರಹಾಲಯಕ್ಕೆ ಬಂದ ಮೇಲೆ ಆ ದಾರಿ ಮುಚ್ಚಿತು. ಇಂಥ ಬೆರಕೆ ಸಂಗ್ರಹದ ನಿಜವಾದ ಕಷ್ಟ ಇಲ್ಲಿದೆ: ಚರ್ಮ, ಮರ, ಲೋಹ, ಬಿದಿರು ಒಂದೊಂದೂ ಒಂದೊಂದು ರೀತಿ ಕೆಡುತ್ತವೆ, ಇರುವುದು ಮಾತ್ರ ಒಂದೇ ಸೂರು.

ಎಲ್ಲಕ್ಕಿಂತ ನಾಜೂಕು ತೊಗಲು ಗೊಂಬೆ. ಬೆಳಕು ಹಾಯುವಷ್ಟು ತೆಳ್ಳಗೆ ಹೆರೆದ ತೊಗಲು ಅದು, ಹದ ಮಾಡಿದ ಚಪ್ಪಲಿ ಚರ್ಮದಂತಲ್ಲ. ಮಳೆಗಾಲದಲ್ಲಿ ತೇವ ಹೀರಿ ಸಡಿಲವಾಗುತ್ತದೆ, ಬೇಸಿಗೆಯಲ್ಲಿ ಬಿಗಿದು ಸುರುಳಿಕೊಳ್ಳುತ್ತದೆ. ಮೈಸೂರಿನಲ್ಲಿ ಮಾರ್ಚ್ ತಿಂಗಳ ಮಧ್ಯಾಹ್ನ ಗಾಳಿಯ ತೇವಾಂಶ ಶೇ. 30ಕ್ಕಿಂತ ಕೆಳಗಿಳಿಯುವುದೂ ಜುಲೈ ಬೆಳಿಗ್ಗೆ ಶೇ. 80 ದಾಟುವುದೂ ಮಾಮೂಲು. ಗೊಂಬೆಗೆ ಹಿತವಾದದ್ದು ಶೇ. 45ರಿಂದ 55. ಶೇ. 65 ಮೀರಿ ಕೆಲವು ದಿನ ನಿಂತರೆ ಬೂಸ್ಟು ಬರುತ್ತದೆ. ನಡುವಿನ ಬಿದಿರು ಕಡ್ಡಿ ತೊಗಲಿನಷ್ಟು ಹಿಗ್ಗಿ ಕುಗ್ಗುವುದಿಲ್ಲ, ಆದ್ದರಿಂದ ಹರಿಯುವುದು ಮೊದಲು ಕಡ್ಡಿಗೆ ಹೊಲಿದ ಜಾಗದಲ್ಲೇ. ಕೈಕಾಲಿನ ಕೀಲುಗಳದ್ದು ಆಮೇಲಿನ ಸರದಿ.

ತೊಗಲು ಗೊಂಬೆಯಾಟದಲ್ಲಿರುವಂತೆ ಹಿಂದೆ ದೀಪ ಇರಬೇಕೆಂದು ಗಾಜಿನ ಪೆಟ್ಟಿಗೆಯೊಳಗೆ ಟ್ಯೂಬ್‌ಲೈಟ್ ಹಾಕುವವರಿದ್ದಾರೆ. ನೋಡಲು ಚೆನ್ನ, ಗೊಂಬೆಗೆ ಶಿಕ್ಷೆ. ಆಟದಲ್ಲಿ ಒಂದು ಗೊಂಬೆ ಬೆಳಕಿಗೆ ಬರುವುದು ಸ್ವಲ್ಪ ಹೊತ್ತು, ಇಲ್ಲಿ ದಿನವಿಡೀ. ಬೆಳಕು 50 ಲಕ್ಸ್ (ಬೆಳಕಿನ ಪ್ರಖರತೆಯ ಅಳತೆ) ಸಾಕು. ದೀಪ ಪೆಟ್ಟಿಗೆಯ ಹೊರಗಿರಲಿ, ಯಾರಾದರೂ ಹತ್ತಿರ ಬಂದಾಗ ಮಾತ್ರ ಹೊತ್ತಿಕೊಳ್ಳಲಿ. ಮೂರು ತಿಂಗಳಿಗೊಮ್ಮೆ ಗೊಂಬೆ ಬದಲಿಸಿ, ತೆಗೆದದ್ದನ್ನು ಆಮ್ಲರಹಿತ ಕಾಗದದ ನಡುವೆ ಮಲಗಿಸಿಡಬೇಕು. ಸುರುಳಿಕೊಂಡ ಗೊಂಬೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಚಪ್ಪಟೆ ಮಾಡಲು ಹೋದರೆ ಬಣ್ಣ ಬಟ್ಟೆಗೆ ಬರುತ್ತದೆ.

ಏಸಿ ಹಾಕಿದರೆ ಎಲ್ಲ ಸರಿಹೋಗುತ್ತದೆ ಅನ್ನುವುದು ಭ್ರಮೆ. ಬೆಳಿಗ್ಗೆ ಹತ್ತಕ್ಕೆ ಹಾಕಿ ಸಂಜೆ ಐದೂವರೆಗೆ ಆರಿಸುವ ಏಸಿಗಿಂತ ಏಸಿ ಇಲ್ಲದಿರುವುದೇ ಮೇಲು. ವರ್ಷಕ್ಕೆ ಎರಡು ಸಲ ನಿಧಾನವಾಗಿ ಆಗುವ ಏರಿಳಿತವನ್ನು ಅದು ದಿನಕ್ಕೊಮ್ಮೆ ಮಾಡಿಸುತ್ತದೆ. ಎತ್ತರದ ಸೂರು, ದಪ್ಪ ಗೋಡೆಯ ಹಳೆಯ ಕಟ್ಟಡದಲ್ಲಿ ಒಳಗಿನ ಕೋಣೆ ತಾನಾಗಿಯೇ ಸ್ಥಿರವಾಗಿರುತ್ತದೆ. ತೊಗಲು, ಕಾಗದ ಅಲ್ಲಿರಲಿ. ಕಲ್ಲು, ಮಡಕೆ ಹಜಾರದಲ್ಲಿದ್ದರೂ ನಡೆಯುತ್ತದೆ.

ಸೋಮನ ಮುಖದಂಥ ಬಣ್ಣ ಬಳಿದ ಮರಕ್ಕೆ ಕುಟ್ಟೆಹುಳವೇ ಶತ್ರು. ತೂತು ಕಂಡಕೂಡಲೇ ಗಾಬರಿ ಬೇಡ, ಅದು ಹಳೆಯದಿರಬಹುದು. ಕೆಳಗೆ ಕರಿ ಕಾಗದ ಹಾಸಿ ಒಂದು ವಾರ ಬಿಡಿ. ಹಿಟ್ಟಿನಂಥ ಪುಡಿ ಬಿದ್ದಿದ್ದರೆ ಹುಳ ಜೀವಂತವಾಗಿದೆ, ಆ ಮುಖವನ್ನು ಅಂದೇ ಬೇರೆ ಕೋಣೆಗೆ ಸಾಗಿಸಬೇಕು. ಬಣ್ಣವಿಲ್ಲದ ಬುಟ್ಟಿ, ಮೊರಗಳಿಗೆ ಔಷಧಿ ಹೊಡೆಯುವುದಕ್ಕಿಂತ ಫ್ರೀಜರ್ ಒಳ್ಳೆಯದು: ಪಾಲಿಥೀನ್ ಚೀಲದಲ್ಲಿ ಹಾಕಿ, ಗಾಳಿ ಹಿಂಡಿ ತೆಗೆದು, ಬಾಯಿ ಭದ್ರವಾಗಿ ಮುಚ್ಚಿ, ಮೈನಸ್ 20 ಡಿಗ್ರಿಯಲ್ಲಿ ಕನಿಷ್ಠ ಒಂದು ವಾರ. ಹೊರತೆಗೆದ ಮೇಲೆ 24 ಗಂಟೆ ಚೀಲ ಬಿಚ್ಚಬಾರದು. ಬಿಚ್ಚಿದರೆ ಚೀಲದ ಹೊರಮೈಗೆ ಕೂರಬೇಕಾದ ನೀರಿನ ಹನಿ ಬುಟ್ಟಿಗೇ ಕೂರುತ್ತದೆ. ಬಣ್ಣದ ಮುಖವನ್ನು ಹೀಗೆ ಮಾಡಿದರೆ ಬಣ್ಣ ಹೊಪ್ಪಳಿಕೆಯಾಗಿ ಏಳುವ ಅಪಾಯವಿದೆ, ಅದು ತಜ್ಞರ ಕೆಲಸ.

ಹಿತ್ತಾಳೆಗೆ ಹುಣಸೆಹಣ್ಣು ಬೇಡ. ಪಾಲಿಶ್ ಸಹ ಬೇಡ. ಪ್ರತಿ ಸಲ ಉಜ್ಜಿದಾಗಲೂ ಒಂದು ಪದರ ಲೋಹ ಹೋಗುತ್ತದೆ, ಅಂಚಿನಲ್ಲಿ ಕೆತ್ತಿದ ದಾನಿಯ ಹೆಸರು ಮೊದಲು ಸವೆಯುತ್ತದೆ. ಫಳಫಳ ಹೊಳೆಯುವ ದೀಪ ಕಂಡರೆ ಅತಿಥಿಗಳು ಬರುವ ದಿನ ಯಾರೋ ತಿಕ್ಕಿದ್ದಾರೆಂದೇ ಲೆಕ್ಕ. ಕಂಚಿನ ಮೇಲೆ ತಿಳಿಹಸಿರು ಪುಡಿ ಉದುರುತ್ತಿದ್ದರೆ ಅದು ಕ್ಲೋರೈಡ್ ಎಂಬ ಉಪ್ಪಿನಂಶ ತೇವದಲ್ಲಿ ಲೋಹವನ್ನು ತಿನ್ನುವ ರೋಗ. ಅಂಥದ್ದು ಸಿಲಿಕಾ ಜೆಲ್ ಹಾಕಿದ ಮುಚ್ಚಿದ ಡಬ್ಬಿಯಲ್ಲಿ, ಶೇ. 35ಕ್ಕಿಂತ ಕಡಿಮೆ ತೇವಾಂಶದಲ್ಲಿರಬೇಕು. ಅದೇ ಒಣಹವೆಯಲ್ಲಿ ತೊಗಲು ಗೊಂಬೆ ಇಟ್ಟರೆ ಅದರ ಕಥೆ ಮುಗಿಯಿತು.

ಕೊಳಗ, ಸೇರುಗಳ ಅಳತೆ ಊರಿಂದೂರಿಗೆ ಬೇರೆ. ಒಳಗಿನ ಗಾತ್ರ ದಾಖಲಿಸುವಾಗ ಮರದ ಪಾತ್ರೆಗೆ ನೀರು ಹೊಯ್ಯಬಾರದು, ಉಬ್ಬಿ ಸೀಳುತ್ತದೆ. ರಾಗಿ ತುಂಬಿ, ಮೇಲೆ ಪಟ್ಟಿಯಿಂದ ಸವರಿ, ಆ ರಾಗಿಯನ್ನು ಲೀಟರಿನ ಅಳತೆಪಾತ್ರೆಗೆ ಸುರಿದು ನೋಡಿದರಾಯಿತು. ಕೆಲಸ ಮುಗಿದ ಮೇಲೆ ಬಿರುಕಿನಲ್ಲಿ ಸಿಕ್ಕ ಕಾಳನ್ನು ಕುಂಚದಿಂದ ತೆಗೆಯದಿದ್ದರೆ ಹುಳ, ಇಲಿ ಎರಡಕ್ಕೂ ಕರೆ ಕೊಟ್ಟಂತೆ.

ಸಂಖ್ಯೆಯನ್ನು ನೇರ ವಸ್ತುವಿನ ಮೇಲೆ ಪೇಂಟಿನಲ್ಲಿ ಬರೆಯುವುದು ಹಳೆಯ ಚಾಳಿ. ಮರ, ಲೋಹ, ಮಡಕೆಯಾದರೆ ಅಸಿಟೋನ್ ದ್ರಾವಕದಲ್ಲಿ ಕರಗಿಸಿದ ಪ್ಯಾರಲಾಯ್ಡ್ ಬಿ-72 ಎಂಬ ಪಾರದರ್ಶಕ ಅಕ್ರಿಲಿಕ್ ರಾಳ ಒಂದು ಪದರ ಬಳಿದು, ಒಣಗಿದ ಮೇಲೆ ಇಂಕಿನಲ್ಲಿ ಬರೆದು, ಮೇಲೊಂದು ಪದರ ಕೊಡಬೇಕು. ಬೇಕಾದಾಗ ಅಸಿಟೋನಿನಿಂದಲೇ ಅಳಿಸಬಹುದು. ಮೂಲ ಬಣ್ಣ ಅಥವಾ ಅರಗು ಇರುವ ಕಡೆ ಇದು ಬೇಡ, ಅಸಿಟೋನು ಅದನ್ನೂ ಕರಗಿಸುತ್ತದೆ. ತೊಗಲು, ಬಟ್ಟೆ, ಬುಟ್ಟಿಗೆ ದಾರದಲ್ಲಿ ಕಟ್ಟಿದ ಚೀಟಿ. ರಿಜಿಸ್ಟರಿನಲ್ಲಿ ಊರು, ತಾಲ್ಲೂಕು, ಕೊಟ್ಟವರು, ಆ ಊರಲ್ಲಿ ಅದಕ್ಕಿದ್ದ ಹೆಸರು, ಬಳಸುತ್ತಿದ್ದ ತಿಂಗಳು ಇಷ್ಟಾದರೂ ಇರಲೇಬೇಕು. ಊರಿನ ಹೆಸರಿಲ್ಲದ ಕೂರಿಗೆ ಬರೀ ಮರದ ತುಂಡು. ಆ ರಿಜಿಸ್ಟರಿನ ಇನ್ನೊಂದು ಪ್ರತಿ ಬೇರೆ ಕಟ್ಟಡದಲ್ಲಿರಲಿ, ಏಕೆಂದರೆ ಸೂರು ಸೋರಿದಾಗ ವಸ್ತುವೂ ಅದರ ವಿವರವೂ ಒಟ್ಟಿಗೇ ನೆನೆಯುತ್ತವೆ.